ಟಾಗೋರ್–ಐನ್‌ಸ್ಟೈನ್ ಸಂವಾದ

ಟಾಗೋರ್–ಐನ್‌ಸ್ಟೈನ್ ಸಂವಾದವು ಕವಿ ರವೀಂದ್ರನಾಥ ಟಾಗೋರ್ ಹಾಗೂ ಭೌತವಿಜ್ಞಾನಿ ಆಲ್ಬರ್ಟ್ ಐನ್‌ಸ್ಟೈನ್ ಅವರ ನಡುವೆ 1930ರ ಜುಲೈ 14ರಂದು ನಡೆದ ತಾತ್ತ್ವಿಕ ಚರ್ಚೆ. ಜರ್ಮನಿಯ ಬರ್ಲಿನ್ ಸಮೀಪದ ಕಾಪುಟ್ ಗ್ರಾಮದಲ್ಲಿದ್ದ ಐನ್‌ಸ್ಟೈನರ ಮನೆಯಲ್ಲಿ ಇದು ನಡೆಯಿತು. ಸತ್ಯವು ಮಾನವ ಮನಸ್ಸನ್ನು ಅವಲಂಬಿಸದೆ ಇರಬಲ್ಲುದೇ ಎಂಬುದು ಇದರ ಮುಖ್ಯ ಪ್ರಶ್ನೆ.

ವಾದಗಳು

ಸೌಂದರ್ಯವು ಮನುಷ್ಯನನ್ನು ಅವಲಂಬಿಸಿದೆ ಎಂಬುದನ್ನು ಐನ್‌ಸ್ಟೈನ್ ಒಪ್ಪಿದರು; ಸತ್ಯದ ವಿಷಯದಲ್ಲಿ ಒಪ್ಪಲಿಲ್ಲ. ಪೈಥಾಗೊರಸನ ಪ್ರಮೇಯದ ಸತ್ಯತೆ ಮನುಷ್ಯರ ಇರುವಿಕೆಯನ್ನು ಅವಲಂಬಿಸಿಲ್ಲ, ಮನೆಯಲ್ಲಿ ಯಾರೂ ಇಲ್ಲದಿದ್ದರೂ ಮೇಜು ಇದ್ದಲ್ಲಿಯೇ ಇರುತ್ತದೆ ಎಂಬುದು ಅವರ ವಾದ. ಮೇಜು ಒಬ್ಬ ವ್ಯಕ್ತಿಯ ಮನಸ್ಸಿನ ಹೊರಗೆ ಇರಬಹುದು, ಆದರೆ ವಿಶ್ವಮನಸ್ಸಿನ ಹೊರಗೆ ಇರಲಾರದು ಎಂದು ಟಾಗೋರ್ ಉತ್ತರಿಸಿದರು. ಕಾಗದವನ್ನು ತಿನ್ನುವ ಹುಳುವಿಗೆ ಅದರಲ್ಲಿರುವ ಸಾಹಿತ್ಯ ಇಲ್ಲವೇ ಇಲ್ಲ. ಹಾಗೆಯೇ ಮಾನವ ಮನಸ್ಸಿಗೆ ಸಂಬಂಧವೇ ಇಲ್ಲದ ಸತ್ಯವೊಂದಿದ್ದರೆ ಅದು ಮನುಷ್ಯರ ಪಾಲಿಗೆ ಶೂನ್ಯವೆಂಬುದು ಅವರ ನಿಲುವು.

ಫಲಿತ

ಇಬ್ಬರೂ ಒಮ್ಮತಕ್ಕೆ ಬರಲಿಲ್ಲ. ತಮ್ಮ ನಿಲುವನ್ನು ಪ್ರಮಾಣೀಕರಿಸಲಾಗದು, ಅದು ತಮ್ಮ ಶ್ರದ್ಧೆ ಎಂದು ಐನ್‌ಸ್ಟೈನ್ ಹೇಳಿದರು. ಹೀಗೆ, ವಿಜ್ಞಾನಕ್ಕೆ ಆಧಾರವೆಂದು ಅವರು ಭಾವಿಸಿದ್ದ ಮನೋನಿರಪೇಕ್ಷ ವಾಸ್ತವವು ಸಿದ್ಧಪಡಿಸಿದ ತೀರ್ಮಾನವಾಗಿರದೆ ಪೂರ್ವಗ್ರಹೀತವಾಗಿಯೇ ಉಳಿಯಿತು.

ನಂತರದ ಬೆಳವಣಿಗೆ

ಈ ಸಂವಾದವನ್ನು ಟಾಗೋರರ 'ದಿ ರಿಲಿಜನ್ ಆಫ್ ಮ್ಯಾನ್' (1931) ಕೃತಿಯ ಅನುಬಂಧದಲ್ಲಿ ಸೇರಿಸಲಾಗಿದೆ. 1935ರಲ್ಲಿ ಪೊಡೊಲ್ಸ್ಕಿ ಹಾಗೂ ರೋಸೆನ್ ಅವರೊಡನೆ ಪ್ರಕಟಿಸಿದ ಪ್ರಬಂಧದಲ್ಲಿ ಐನ್‌ಸ್ಟೈನ್ ಭೌತಿಕ ವಾಸ್ತವದ ಪ್ರಶ್ನೆಯನ್ನು ಕ್ವಾಂಟಂ ಸಿದ್ಧಾಂತದ ಸಂದರ್ಭದಲ್ಲಿ ಎತ್ತಿದರು.