ರಸ್ತೆಗಿಳಿದ ಚಂದ್ರ

ಚಂದ್ರನ ಧೂಳನ್ನು ಬಣ್ಣದಲ್ಲಿ ಬೆರೆಸಿ ಚಿತ್ರ ಬರೆದವರೊಬ್ಬರಿದ್ದರು. ಅಮೆರಿಕದ ಅಲನ್ ಬೀನ್. 1969ರ ನವೆಂಬರಿನಲ್ಲಿ ಅಪೊಲೊ 12ರಲ್ಲಿ ತೆರಳಿ ಚಂದ್ರನ ಮೇಲೆ ನಡೆದ ನಾಲ್ಕನೆಯ ಮನುಷ್ಯ. 1981ರಲ್ಲಿ ನಾಸಾ ತೊರೆದು ಕುಂಚ ಹಿಡಿದರು. ಚಂದ್ರನ ಧೂಳು ಮೆತ್ತಿದ್ದ ತಮ್ಮ ಉಡುಪಿನ ಲಾಂಛನದ ಚೂರುಗಳನ್ನು ಬಣ್ಣಕ್ಕೆ ಸೇರಿಸುತ್ತಿದ್ದರು. ಸುತ್ತಿಗೆಯಿಂದ ಫಲಕವನ್ನು ಕುಟ್ಟಿ, ಚಂದ್ರಯಾತ್ರಿಯ ಬೂಟಿನ ಅಚ್ಚೊತ್ತಿ ಉಬ್ಬುತಗ್ಗುಗಳನ್ನು ಮೂಡಿಸುತ್ತಿದ್ದರು. 2018ರಲ್ಲಿ ತೀರಿಕೊಂಡರು.

ನಮ್ಮ ನಾಡಿನ ಬಾದಲ್ ನಂಜುಂಡಸ್ವಾಮಿಯವರಿಗೆ ಅಷ್ಟು ದೂರದ ಧೂಳು ಬೇಕಾಗಲಿಲ್ಲ. ಮೈಸೂರಿನ ಕಾವಾದಲ್ಲಿ ಕಲಿತ ಈ ಕಲಾವಿದರು 2015ರಲ್ಲಿ ಬೆಂಗಳೂರಿನ ಸುಲ್ತಾನಪಾಳ್ಯದ ರಸ್ತೆಗುಂಡಿಯೊಂದರಲ್ಲಿ ಮೊಸಳೆಯನ್ನು ಕೂರಿಸಿದ್ದರು. 2019ರ ಸೆಪ್ಟೆಂಬರ್ ಆರಂಭದಲ್ಲಿ, ಚಂದ್ರಯಾನ-2ರ ವಿಕ್ರಮ್ ಇಳಿಯಲು ಕೆಲವೇ ದಿನಗಳಿದ್ದಾಗ, ಹೇರೋಹಳ್ಳಿಯ ಕಡೆಯ ಗುಂಡಿಬಿದ್ದ ರಸ್ತೆಯೇ ಅವರ ಫಲಕವಾಯಿತು. ರಾತ್ರಿಯ ಕತ್ತಲಲ್ಲಿ ವ್ಯೋಮಯಾತ್ರಿಯ ಉಡುಪು ತೊಟ್ಟ ನಟ ಪೂರ್ಣಚಂದ್ರ ಮೈಸೂರು ತೇಲುವವರಂತೆ ಹೆಜ್ಜೆಯಿಡುತ್ತಾರೆ. ಚಂದ್ರನ ನೆಲವೆಂದೇ ನಾವು ನಂಬುವಷ್ಟರಲ್ಲಿ ಪಕ್ಕದಲ್ಲೊಂದು ಆಟೋ ಹಾದುಹೋಗುತ್ತದೆ! ಬೈಗುಳಿಲ್ಲ, ಘೋಷಣೆಯಿಲ್ಲ. ವಿಡಿಯೊ ದೇಶವೆಲ್ಲ ಹರಡಿತು. ಬಹುಬೇಗನೆ ಪಾಲಿಕೆಯವರು ಗುಂಡಿ ಮುಚ್ಚಲು ಬಂದರು. ಸೆಪ್ಟೆಂಬರ್ 7ರಂದು ವಿಕ್ರಮ್ ಮಾತ್ರ ಸುರಕ್ಷಿತವಾಗಿ ಇಳಿಯಲಿಲ್ಲ. ಆ ಭಾಗ್ಯ ಚಂದ್ರಯಾನ-3ಕ್ಕೆ, 2023ರ ಆಗಸ್ಟ್ 23ರಂದು ಒದಗಿತು.

ಮಳೆಗಾಲದಲ್ಲಿ ಎರೆಮಣ್ಣಿನ ದಾರಿ ತುಳಿದು ಯಡ್ರಾಮಿಯ ಶಾಲೆಗೆ ಬರುತ್ತಿದ್ದ ನನ್ನ ಶಿಷ್ಯರಿಗೆ ಈ ಕಲಾಕೃತಿಯನ್ನು ವಿವರಿಸಬೇಕಾಗಿಲ್ಲ. ನಿಮ್ಮ ಮೊಣಕಾಲಿನವರೆಗಿನ ಕೆಸರನ್ನು ಕಂಡೂ ಹಾಜರಿ ಪುಸ್ತಕದಲ್ಲಿ 'ತಡ' ಎಂದು ಬರೆದ ಕೈ ನನ್ನದೇ.