ಹೀಟ್ ಪಂಪ್‌ಗೆ ಜರ್ಮನ್ ಮನೆಗಳ ಪ್ರತಿರೋಧ: 2023ರ ಕಾಯ್ದೆಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

2021ರಲ್ಲಿ ಜರ್ಮನಿ ತರಿಸಿಕೊಳ್ಳುತ್ತಿದ್ದ ನೈಸರ್ಗಿಕ ಅನಿಲದಲ್ಲಿ ಅರ್ಧಕ್ಕೂ ಹೆಚ್ಚು ರಷ್ಯಾದಿಂದ ಬರುತ್ತಿತ್ತು. 2022ರ ಫೆಬ್ರುವರಿಯಲ್ಲಿ ಉಕ್ರೇನಿನ ಮೇಲೆ ರಷ್ಯಾದ ದಾಳಿಯಾಯಿತು. ಆಗಸ್ಟ್ ಕೊನೆಯ ಹೊತ್ತಿಗೆ ರಷ್ಯಾದಿಂದ ಬರುವ ನಾರ್ಡ್ ಸ್ಟ್ರೀಮ್ ಕೊಳವೆಯಲ್ಲಿ ಅನಿಲ ನಿಂತುಹೋಯಿತು. ಬೆಲೆಯೇರಿಕೆಯ ಬಿಸಿ ಪ್ರತಿ ಮನೆಗೂ ತಟ್ಟಿತು. ಇಷ್ಟೆಲ್ಲ ಕಂಡ ಜನ ಮರುವರ್ಷ ಕೊಂಡದ್ದು ಏನನ್ನು? 2023ರಲ್ಲಿ ಅಲ್ಲಿ ಮಾರಾಟವಾದ ಸುಮಾರು 13 ಲಕ್ಷ ತಾಪನ ಯಂತ್ರಗಳಲ್ಲಿ 7.9 ಲಕ್ಷದಷ್ಟು ಗ್ಯಾಸ್ ಬಾಯ್ಲರ್‌ಗಳೇ ಆಗಿದ್ದವು. ತೈಲದ ಬಾಯ್ಲರ್‌ಗಳ ಮಾರಾಟ ಹಿಂದಿನ ವರ್ಷಕ್ಕಿಂತ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಹೀಟ್ ಪಂಪ್‌ಗಳೂ ಸುಮಾರು 3.56 ಲಕ್ಷ ಮಾರಾಟವಾದವು ನಿಜ, ಆದರೆ ಮುಂದಿನ ವರ್ಷ ಆ ಸಂಖ್ಯೆ 1.93 ಲಕ್ಷಕ್ಕೆ ಕುಸಿಯಿತು.

ಇದನ್ನು ಜನರ ಅಜ್ಞಾನ, ಹವಾಮಾನದ ಬಗೆಗಿನ ಉದಾಸೀನ ಎಂದು ವಿವರಿಸುವುದು ರೂಢಿ. ಆ ವಿವರಣೆ ಸಾಲದು. ಸರ್ಕಾರ ಗ್ಯಾಸ್, ತೈಲದ ಹೊಸ ಬಾಯ್ಲರ್‌ಗಳ ಮೇಲಿನ ನಿಷೇಧವನ್ನು ಮೊದಲು ಕೇಳಿಸಿ, ಹೀಟ್ ಪಂಪ್‌ಗೆ ಕೊಡುವ ನೆರವನ್ನು ತಡವಾಗಿ ತೋರಿಸಿತು. ಪ್ರತಿರೋಧ ಬೆಳೆದದ್ದು ಬಹುಮಟ್ಟಿಗೆ ಈ ನಡುವಿನ ತಿಂಗಳುಗಳಲ್ಲಿ ಎಂಬುದು ಪ್ರಸ್ತುತ ಲೇಖನದ ವಾದ.

ಹೀಟ್ ಪಂಪ್ ಯಂತ್ರದ ತತ್ತ್ವ ನಮಗೆ ಅಪರಿಚಿತವಲ್ಲ. ಮನೆಯ ಫ್ರಿಜ್ಜು ತನ್ನ ಒಳಗಿನ ಶಾಖವನ್ನು ಹಿಂಬದಿಗೆ ಸಾಗಹಾಕುವಂತೆ, ಹೀಟ್ ಪಂಪ್ ಹೊರಗಿನ ಗಾಳಿ ಅಥವಾ ನೆಲದ ಶಾಖವನ್ನು ಮನೆಯೊಳಕ್ಕೆ ತರುತ್ತದೆ. ಶಾಖವನ್ನು ಉತ್ಪಾದಿಸದೆ ಸಾಗಿಸುವುದರಿಂದ, ವ್ಯಯಿಸಿದ ಒಂದು ಯೂನಿಟ್ ವಿದ್ಯುತ್ತಿಗೆ ಮೂರು, ಕೆಲವೊಮ್ಮೆ ನಾಲ್ಕು ಯೂನಿಟ್ ಶಾಖ ದೊರೆಯುತ್ತದೆ. ಆಸ್ಟ್ರಿಯಾದ ಪೀಟರ್ ಫಾನ್ ರಿಟ್ಟಿಂಗರ್ 1850ರ ದಶಕದಲ್ಲೇ ಉಪ್ಪಿನ ಕಾರ್ಖಾನೆಯೊಂದರಲ್ಲಿ ಈ ತತ್ತ್ವವನ್ನು ಬಳಸಿದ್ದರು. ಜೂರಿಕ್ ನಗರದ ಪುರಭವನವನ್ನು 1938ರಿಂದಲೇ ನದಿಯ ನೀರಿನ ಶಾಖದಿಂದ ಬೆಚ್ಚಗಿಡಲಾಗುತ್ತಿತ್ತು.

ಇನ್ನು 2023ರ ಘಟನಾವಳಿ. 2024ರಿಂದ ಅಳವಡಿಸುವ ಪ್ರತಿಯೊಂದು ಹೊಸ ತಾಪನ ವ್ಯವಸ್ಥೆಯೂ ಶೇ. 65ರಷ್ಟು ನವೀಕರಿಸಬಹುದಾದ ಶಕ್ತಿಯನ್ನು ಬಳಸಬೇಕೆಂದು ಮೂರು ಪಕ್ಷಗಳ ಸಮ್ಮಿಶ್ರ ಸರ್ಕಾರ 2022ರ ಮಾರ್ಚ್‌ನಲ್ಲೇ ಒಪ್ಪಿಕೊಂಡಿತ್ತು. ಆಗ ಅದು ಸುದ್ದಿಯಾಗಲಿಲ್ಲ. 2023ರ ಫೆಬ್ರುವರಿ ಕೊನೆಯಲ್ಲಿ, ಆರ್ಥಿಕ ಸಚಿವ ರಾಬರ್ಟ್ ಹಾಬೆಕ್ ಅವರ ಇಲಾಖೆಯ ಅಪೂರ್ಣ ಕರಡು ಸೋರಿ 'ಬಿಲ್ಡ್' ಪತ್ರಿಕೆಯ ಕೈಸೇರಿದಾಗ ಕೋಲಾಹಲ ಎದ್ದಿತು. ಕೆಲಸ ಮಾಡುತ್ತಿರುವ ಬಾಯ್ಲರನ್ನು ಎಲ್ಲರೂ ಕಿತ್ತೆಸೆಯಬೇಕೆಂದು ಕರಡು ಹೇಳಿರಲಿಲ್ಲ. ಕೆಟ್ಟದ್ದನ್ನು ದುರಸ್ತಿ ಮಾಡಿಸಲೂ ಅವಕಾಶವಿತ್ತು. ಮನೆಯೊಡೆಯರ ಕಿವಿಗೆ ಬಿದ್ದದ್ದು ಮಾತ್ರ ನಿಷೇಧ ಎಂಬ ಒಂದೇ ಮಾತು. ಏಪ್ರಿಲ್‌ನಲ್ಲಿ ಸಂಪುಟ ಒಪ್ಪಿದ ಕರಡು 80 ದಾಟಿದ ಮಾಲೀಕರಿಗೆ ವಿನಾಯಿತಿ ನೀಡಿತು. ಎಪ್ಪತ್ತೆಂಟರ ಪಿಂಚಣಿದಾರರೊಬ್ಬರು ಅದನ್ನು ಓದಿ ಏನೆಂದುಕೊಂಡಾರು ಎಂದು ಕರಡು ಬರೆದವರು ಯೋಚಿಸಿದಂತಿಲ್ಲ. ಆ ವಯಸ್ಸಿನ ಗೆರೆಯನ್ನು ಮುಂದೆ ಕೈಬಿಡಲಾಯಿತು. ಕಾಯ್ದೆಯ ಶಿಲ್ಪಿಯೆನಿಸಿದ್ದ ಕಾರ್ಯದರ್ಶಿ ಪ್ಯಾಟ್ರಿಕ್ ಗ್ರೈಖೆನ್ ಮೇ ತಿಂಗಳಲ್ಲಿ ನೇಮಕಾತಿಯ ವಿವಾದದಿಂದಾಗಿ ಹುದ್ದೆ ಕಳೆದುಕೊಂಡರು. ಜುಲೈ 5ರಂದು ಸಾಂವಿಧಾನಿಕ ನ್ಯಾಯಾಲಯವೇ ಮಧ್ಯೆ ಪ್ರವೇಶಿಸಿ, ಸಂಸದರಿಗೆ ಪರಿಶೀಲನೆಗೆ ಸಾಕಷ್ಟು ಕಾಲಾವಕಾಶ ಸಿಕ್ಕಿಲ್ಲವೆಂಬ ಅರ್ಜಿಯ ಮೇಲೆ ಮತದಾನವನ್ನು ತಡೆಯಿತು. ಸೆಪ್ಟೆಂಬರ್ 8ರಂದು ಕಾಯ್ದೆ ಅಂಗೀಕಾರವಾಯಿತು.

ವೆಚ್ಚದ ಶೇ. 30ರಿಂದ ಶೇ. 70ರವರೆಗೆ, ಒಂಟಿ ಮನೆಗೆ ಗರಿಷ್ಠ 21,000 ಯೂರೊವರೆಗೆ ದೊರೆಯುವ ಸಹಾಯಧನ ಉದಾರವಾದದ್ದೇ. ವರ್ಷಕ್ಕೆ 40,000 ಯೂರೊವರೆಗಿನ ತೆರಿಗೆಯೋಗ್ಯ ಆದಾಯದ ಕುಟುಂಬಗಳಿಗೆ ಅದರಲ್ಲಿ ವಿಶೇಷ ಪಾಲೂ ಇದೆ. ಆದರೆ ಅದಕ್ಕೆ ಅರ್ಜಿ ಸ್ವೀಕರಿಸಲು ಆರಂಭಿಸಿದ್ದು 2024ರ ಫೆಬ್ರುವರಿ 27ರಂದು, ಸೋರಿಕೆಯಾಗಿ ಸರಿಯಾಗಿ ಒಂದು ವರ್ಷದ ಮೇಲೆ. ಆ ಒಂದು ವರ್ಷ ಲಕ್ಷಾಂತರ ಕುಟುಂಬಗಳು ಆತಂಕದಲ್ಲಿ ಲೆಕ್ಕ ಹಾಕಿ, ನಿಷೇಧ ಬರುವ ಮೊದಲೇ ಗ್ಯಾಸ್ ಬಾಯ್ಲರ್ ಹಾಕಿಸಿಕೊಂಡವು. ಅವು ಇನ್ನು ಇಪ್ಪತ್ತು ವರ್ಷ ಉರಿಯಬಲ್ಲವು. ಹವಾಮಾನದ ದೃಷ್ಟಿಯಿಂದ ಇದಕ್ಕಿಂತ ದುಃಖದ ಫಲಿತಾಂಶ ಬೇರೆ ಬೇಕಿಲ್ಲ.

ಜನರ ಆಕ್ಷೇಪಗಳಲ್ಲಿ ತಪ್ಪು ಯಾವುದು, ಸರಿ ಯಾವುದು ಎಂದು ಬೇರ್ಪಡಿಸಿ ನೋಡಬೇಕು. ಹಳೆಯ ಮನೆಗೆ ಹೀಟ್ ಪಂಪ್ ಒಗ್ಗದು, ನೆಲದಡಿ ತಾಪನ ಇರಲೇಬೇಕು ಎಂಬ ಮಾತು ಹೆಚ್ಚಾಗಿ ತಪ್ಪು. ಫ್ರೌನ್‌ಹೋಫರ್ ಸೌರಶಕ್ತಿ ಸಂಸ್ಥೆ ಹಳೆಯ ಕಟ್ಟಡಗಳಲ್ಲಿ ನಡೆಸಿದ ಕ್ಷೇತ್ರ ಮಾಪನದಲ್ಲಿ ಗಾಳಿಯ ಶಾಖ ಬಳಸುವ ಪಂಪ್‌ಗಳ ವಾರ್ಷಿಕ ಸರಾಸರಿ ಸಾಧನೆ (ಒಂದು ಯೂನಿಟ್ ವಿದ್ಯುತ್ತಿಗೆ ದೊರೆತ ಶಾಖ) ಸುಮಾರು 3.1, ನೆಲದ ಶಾಖದವುಗಳದ್ದು ಸುಮಾರು 4.1 ಬಂದಿತ್ತು, ಅವುಗಳಲ್ಲಿ ಮಾಮೂಲಿ ರೇಡಿಯೇಟರ್ ಇದ್ದ ಮನೆಗಳೂ ಸೇರಿದ್ದವು. ಚಳಿಯಲ್ಲಿ ಪಂಪ್ ಕೆಲಸ ಮಾಡದೆಂಬ ಆಕ್ಷೇಪಕ್ಕೆ ಚಳಿನಾಡುಗಳಾದ ನಾರ್ವೆ, ಸ್ವೀಡನ್, ಫಿನ್ಲೆಂಡ್‌ಗಳೇ ಉತ್ತರ.

ಬಿಲ್ಲಿನ ಆಕ್ಷೇಪ ಮಾತ್ರ ಗಟ್ಟಿಯಾದದ್ದು. ಜರ್ಮನಿಯಲ್ಲಿ ಗೃಹಬಳಕೆಯ ವಿದ್ಯುತ್ತು ಗ್ಯಾಸಿಗಿಂತ ಯೂನಿಟ್‌ಗೆ ಬಹುಕಾಲದಿಂದ ಮೂರು ಪಟ್ಟಿಗೂ ಹೆಚ್ಚು ದುಬಾರಿ. ಪಂಪ್ ಒಂದಕ್ಕೆ ಮೂರು ಶಾಖ ಕೊಟ್ಟರೂ ಆ ಲಾಭವನ್ನು ದರವೇ ನುಂಗಿಬಿಡುತ್ತದೆ. ಮೇಲಾಗಿ ಹಿರಿಯರಿಗೆ ಹಳೆಯ ನೆನಪೊಂದಿದೆ. 1979ರ ತೈಲ ಬಿಕ್ಕಟ್ಟಿನ ಬೆನ್ನಲ್ಲೇ ಅಲ್ಲಿ ಹೀಟ್ ಪಂಪ್‌ಗಳ ಭರಾಟೆ ಎದ್ದಿತ್ತು. ಅವಸರದಲ್ಲಿ ಕೂರಿಸಿದ ಯಂತ್ರಗಳು ಕೈಕೊಟ್ಟವು, ತೈಲದ ಬೆಲೆ ಇಳಿಯಿತು, 1980ರ ದಶಕದ ಮಧ್ಯದಲ್ಲಿ ಮಾರುಕಟ್ಟೆ ಮಲಗಿತು. ಒಮ್ಮೆ ಸುಟ್ಟ ಕೈ ಹಿಂಜರಿಯುವುದನ್ನು ಅಜ್ಞಾನ ಎನ್ನಲಾಗದು.

ನಾರ್ವೆಯ ಹಾದಿಯನ್ನು ಇದರ ಪಕ್ಕದಲ್ಲಿಟ್ಟರೆ ಅನುಕ್ರಮದ ಮಹತ್ವ ಸ್ಪಷ್ಟವಾಗುತ್ತದೆ. ಅಲ್ಲಿ ವಿದ್ಯುತ್ತು ಹೆಚ್ಚುಕಡಿಮೆ ಪೂರ್ತಿ ಜಲಮೂಲದ್ದು. ಮನೆಮನೆಗೆ ಗ್ಯಾಸ್ ಜಾಲವಿಲ್ಲ. ಜನ ನೇರ ವಿದ್ಯುತ್ ಹೀಟರ್‌ಗಳನ್ನೇ ನೆಚ್ಚಿದ್ದರು. 2002-03ರ ಚಳಿಗಾಲದಲ್ಲಿ ವಿದ್ಯುತ್ ದರ ಗಗನಕ್ಕೇರಿದಾಗ ಸರ್ಕಾರ ಪಂಪ್‌ಗೆ ಸಹಾಯಧನ ಘೋಷಿಸಿತು. ಪಂಪ್ ಕೂರಿಸಿದವರಿಗೆ ಬಿಲ್ಲು ಇಳಿದದ್ದು ಕಣ್ಣಿಗೆ ಕಂಡಿತು. ಅಲ್ಲಿಂದ ನೆರೆಯವರಿಗೆ, ನೆಂಟರಿಗೆ ಮಾತು ಹಬ್ಬಿತು. ತೈಲದ ತಾಪನಕ್ಕೆ ನಾರ್ವೆ ನಿಷೇಧ ಹೇರಿದ್ದು 2020ರಲ್ಲಿ, ಪರ್ಯಾಯ ಮನೆಮನೆಗೆ ತಲುಪಿದ ಮೇಲೆ. ಭೌಗೋಳಿಕ ಅನುಕೂಲ ಅದಕ್ಕೆ ಹೆಚ್ಚಿತ್ತು, ನಿಜ. ಆ ಕ್ರಮವನ್ನು ಪಾಲಿಸುವುದಕ್ಕೆ ಜಲಪಾತಗಳೇನೂ ಬೇಕಿರಲಿಲ್ಲ.

ಜರ್ಮನ್ ಚರ್ಚೆಯಲ್ಲಿ ಬಾಡಿಗೆದಾರರ ದನಿ ಎಲ್ಲಕ್ಕಿಂತ ಕ್ಷೀಣವಾಗಿತ್ತು. ಅಲ್ಲಿ ಅರ್ಧಕ್ಕೂ ಹೆಚ್ಚು ಕುಟುಂಬಗಳು ಬಾಡಿಗೆ ಮನೆಯಲ್ಲಿವೆ. ಯಂತ್ರವನ್ನು ಆಯ್ಕೆ ಮಾಡುವುದು ಮಾಲೀಕ, ಇಂಧನದ ಬಿಲ್ಲು ಕಟ್ಟುವುದು ಬಾಡಿಗೆದಾರ. ಹೊಸ ತಾಪನದ ವೆಚ್ಚವನ್ನು ಬಾಡಿಗೆಗೆ ಸೇರಿಸುವಾಗ ತಿಂಗಳಿಗೆ ಚದರ ಮೀಟರಿಗೆ 50 ಸೆಂಟ್ ಮೀರಬಾರದೆಂಬ ಮಿತಿಯನ್ನು ಕಾಯ್ದೆ ಹಾಕಿತು. 60 ಚದರ ಮೀಟರ್ ಮನೆಗೆ ಅದೂ ತಿಂಗಳಿಗೆ 30 ಯೂರೊ ಆಗುತ್ತದೆ.

2025ರ ಮೊದಲ ಆರು ತಿಂಗಳಲ್ಲಿ ಹೀಟ್ ಪಂಪ್‌ಗಳ ಮಾರಾಟ ಜರ್ಮನಿಯಲ್ಲಿ ಮೊದಲ ಬಾರಿಗೆ ಗ್ಯಾಸ್ ಬಾಯ್ಲರ್‌ಗಳನ್ನು ಮೀರಿತು. ಆ ಹೊತ್ತಿಗೆ ಯಂತ್ರವೂ ಚಳಿಯೂ ಹಿಂದಿನವೇ ಆಗಿದ್ದವು; ಸಹಾಯಧನ ಕೈಗೆ ಸಿಗುತ್ತಿತ್ತು. ಅದೇ ವರ್ಷ ಅಧಿಕಾರಕ್ಕೆ ಬಂದ ಹೊಸ ಸಮ್ಮಿಶ್ರ ಸರ್ಕಾರ ಈ ತಾಪನ ಕಾಯ್ದೆಯನ್ನು ರದ್ದುಪಡಿಸುವುದಾಗಿ ತನ್ನ ಒಪ್ಪಂದದಲ್ಲೇ ಬರೆದುಕೊಂಡಿತ್ತು.