ಪಾಲುದಾರಿಕೆ ಪತ್ರವಿಲ್ಲದಿದ್ದರೆ ಲಾಭ ಹಂಚಿಕೆ ಹೇಗೆ?

ಪಾಲುದಾರಿಕೆ ಲೆಕ್ಕಗಳಲ್ಲಿ ವಾಣಿಜ್ಯ ವಿದ್ಯಾರ್ಥಿಗಳು ಪದೇ ಪದೇ ಎಡವುವ ಪ್ರಶ್ನೆಯೊಂದಿದೆ. ಉದಾಹರಣೆಯೊಂದನ್ನು ನೋಡಬಹುದು.

ರಮೇಶ ಮತ್ತು ಸುರೇಶ ಪಾಲುದಾರರು. ಬಂಡವಾಳ ಕ್ರಮವಾಗಿ 2,00,000 ಮತ್ತು 1,00,000 ರೂ. ಅಕ್ಟೋಬರ್ 1ರಂದು ರಮೇಶ ಸಂಸ್ಥೆಗೆ 50,000 ರೂ. ಸಾಲವನ್ನೂ ನೀಡಿದ್ದಾನೆ. ಮಾರ್ಚ್ 31ಕ್ಕೆ, ಸಾಲದ ಬಡ್ಡಿ ಕಳೆಯುವ ಮುನ್ನ, ಲಾಭ 61,500 ರೂ. ರಮೇಶ ಬಂಡವಾಳಕ್ಕೆ ಶೇ. 10ರಷ್ಟು ಬಡ್ಡಿ ಕೇಳುತ್ತಾನೆ. ಅಂಗಡಿ ನೋಡಿಕೊಂಡ ಸುರೇಶ ಸಂಬಳ ಕೇಳುತ್ತಾನೆ. ಕರಾರು ಯಾವುದೂ ಇಲ್ಲ.

1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 13ನೇ ಕಲಂ ಪ್ರಕಾರ ಇಬ್ಬರ ಬೇಡಿಕೆಯೂ ನಿಲ್ಲದು. ಕರಾರಿಲ್ಲದೆ ಬಂಡವಾಳಕ್ಕೆ ಬಡ್ಡಿಯಿಲ್ಲ, ದುಡಿಮೆಗೆ ಸಂಬಳವಿಲ್ಲ. ಲಾಭ ನಷ್ಟಗಳಲ್ಲಿ ಸಮಪಾಲು. ಆದರೆ ಬಂಡವಾಳದ ಹೊರತಾಗಿ ನೀಡಿದ ಸಾಲಕ್ಕೆ ವಾರ್ಷಿಕ ಶೇ. 6ರ ಬಡ್ಡಿ ಸಲ್ಲುತ್ತದೆ. ಆರು ತಿಂಗಳಿಗೆ ಅದು 1,500 ರೂ. ಉಳಿದ 60,000 ರೂ.ಗಳಲ್ಲಿ ತಲಾ 30,000 ರೂ.

ಬಂಡವಾಳದ ಅನುಪಾತದಲ್ಲಿ 40,000 ಮತ್ತು 20,000 ರೂ. ಎಂದು ಹಂಚುವುದೇ ಸಾಮಾನ್ಯ ತಪ್ಪು. ಹೆಚ್ಚು ಹಣ ಹೂಡಿದವನಿಗೆ ಹೆಚ್ಚು ಪಾಲು ನ್ಯಾಯವೆಂದು ತೋರುವುದು ಸಹಜವೇ. ಕಾಯ್ದೆ ಹಾಗೆ ಭಾವಿಸುವುದಿಲ್ಲ. ಇಡೀ ವರ್ಷದ ಬಡ್ಡಿಯೆಂದು 3,000 ರೂ. ಬರೆಯುವುದು ಎರಡನೆಯ ತಪ್ಪು. ಸಾಲದ ಬಡ್ಡಿಯನ್ನು ನಷ್ಟವಾದ ವರ್ಷವೂ ಕೊಡಬೇಕಾಗುತ್ತದೆ. ಆದ್ದರಿಂದ ಅದು ಲಾಭ-ನಷ್ಟ ಖಾತೆಯಲ್ಲಿ ಖರ್ಚಾಗಿ ಸೇರುತ್ತದೆ, ಲಾಭ ಹಂಚಿಕೆ ಖಾತೆಗೆ ಬಾರದು.

ಕರಾರು ಲಿಖಿತವಾಗಿಯೇ ಇರಬೇಕೆಂದು ಕಾಯ್ದೆ ಹೇಳುವುದಿಲ್ಲ. 11ನೇ ಕಲಂ ಪ್ರಕಾರ ವ್ಯವಹಾರದ ರೂಢಿಯಿಂದಲೂ ಅದನ್ನು ಗುರುತಿಸಬಹುದು. ಪರೀಕ್ಷೆಯಲ್ಲಿ ಈ ತೊಡಕು ಏಳದು; ಬಾಯಿಮಾತಿನ ಮೇಲೆ ಅಂಗಡಿ ತೆರೆದ ಅಣ್ಣತಮ್ಮಂದಿರ ನಡುವೆ ಏಳುತ್ತದೆ. ಅನೇಕ ವರ್ಷ ಒಂದೇ ಪ್ರಮಾಣದಲ್ಲಿ ಲಾಭ ಹಂಚಿಕೊಂಡು ಬಂದಿದ್ದರೆ, ಆಗ ಹಳೆಯ ಲೆಕ್ಕದ ಪುಸ್ತಕಗಳೇ ಸಾಕ್ಷ್ಯವಾಗಬಹುದು.